ಅತ್ತೆಯ ಸೈಕಲ್ಲಿನ ಕುತ್ತಿಗೆ

ಅತ್ತೆಯ ಸೀರೆ ಹುಳಿ ಹಾಲಿನ ನಾತ ಹೊಡೆಯುತ್ತಿತ್ತು. ಸೋಪು ಹಾಕಿ ಕುಕ್ಕಿದರೂ ಹೋಗದ, ಬಿಸಿಲಿಗೆ ಹರವಿದಷ್ಟೂ ಹೆಚ್ಚಾಗುವ ನಾತ. ಹಳದೀಪುರದ ನಮ್ಮ ಮನೆಯ ಹಿತ್ತಿಲಲ್ಲಿ ಎರಡು ತೆಂಗಿನ ಮರಗಳ ನಡುವೆ ಹಗ್ಗ ಕಟ್ಟಿತ್ತು. ಆ ಹಗ್ಗದಲ್ಲಿ ಅತ್ತೆಯ ಸೀರೆಗೆ ಮಾತ್ರ ಬೇರೆ ಜಾಗ, ಉಳಿದವರ ಬಟ್ಟೆಗೆ ತಾಗದ ಹಾಗೆ ತೀರಾ ತುದಿಯಲ್ಲಿ. ನಾನು ಅದರ ಪಕ್ಕ ಹಾಯುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದೆ, ಅತ್ತೆ ನೋಡುತ್ತಿದ್ದರೂ ಮುಚ್ಚಿಕೊಳ್ಳುತ್ತಿದ್ದೆ. ಈಗ ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ. ಆದರೆ ನಮ್ಮ ಮನೆಯ ಕತೆಯಲ್ಲಿ ಹೇಸಿಗೆಗೆ ಬರವಿಲ್ಲ, ಆದ್ದರಿಂದ ಒಂದೊಂದಾಗಿಯೇ ಹೇಳುತ್ತೇನೆ.

ಸುಮಿತ್ರತ್ತೆ ಅಪ್ಪನ ತಂಗಿ. ಮದುವೆಯಾಗಲಿಲ್ಲ. ಕಾರಣ ಊರಿಗೆಲ್ಲ ಗೊತ್ತಿತ್ತು: ಅವಳು ವಿಪರೀತ ಎತ್ತರ. ನೋಡಲು ಬಂದ ಗಂಡುಗಳು ಚಹಾ ಕುಡಿದು, ಅವಳು ಎದ್ದು ನಿಂತದ್ದನ್ನು ನೋಡಿ, ಅವಲಕ್ಕಿ ತಿಂದು ಹೋದರಂತೆ. ನಮ್ಮ ಮನೆಯವರೆಲ್ಲ ಗಿಡ್ಡ. ಅಪ್ಪ ಅವಳ ಕಿವಿಯ ಮಟ್ಟಕ್ಕೆ ಬರುತ್ತಿದ್ದ. ಅದಕ್ಕೇ ಏನೋ ಅವಳೆದುರು ಅಪ್ಪ ಯಾವಾಗಲೂ ಕುಳಿತೇ ಮಾತಾಡುತ್ತಿದ್ದ, ಅವಳು ನಿಂತೇ ಕೇಳುತ್ತಿದ್ದಳು. ಅವಳಿಗೆ ನಾಲ್ಕು ಕಿಲೋಮೀಟರ್ ಒಳಗಿನ ಒಂದು ಹಳ್ಳಿಯ ಹಾಲಿನ ಸಂಘದಲ್ಲಿ ಕೆಲಸ. ಬೆಳಿಗ್ಗೆ ಐದೂವರೆಗೆ, ಮತ್ತೆ ಸಂಜೆ ನಾಲ್ಕೂವರೆಗೆ ಜನ ಕ್ಯಾನು ಹಿಡಿದು ಸಾಲು ನಿಲ್ಲುತ್ತಿದ್ದರು. ಅವಳು ಗಾಜಿನ ಕೋಲು ಅದ್ದಿ ನೀರು ಬೆರೆಸಿದ್ದಾರೋ ಇಲ್ಲವೋ ನೋಡುತ್ತಿದ್ದಳು. ಕೋಲು ಅದ್ದುವ ಮೊದಲೇ ಮೂಸಿ ಹೇಳುವಳು ಎಂದು ಜನ ಹೆದರುತ್ತಿದ್ದರು. ಆ ಹೊತ್ತಿಗೆ ಆ ಕಡೆ ಬಸ್ಸಿಲ್ಲ. ಸಂಬಳ ಬಂದ ಹೊಸತರಲ್ಲಿ ತಾನೇ ಕೊಂಡ ಸೈಕಲ್ ಮೇಲೆ, ಕತ್ತಲು ಹರಿಯುವ ಮುಂಚೆ, ಟಾರ್ಚನ್ನು ಹ್ಯಾಂಡಲಿಗೆ ಕಟ್ಟಿಕೊಂಡು ಹೋಗುತ್ತಿದ್ದಳು. ಸೈಕಲ್ ಇಲ್ಲದಿದ್ದರೆ ಕೆಲಸ ಇಲ್ಲ. ಅಷ್ಟು ಸರಳ ಅದು.

ಇನ್ನು ಮನೆ. ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ಒಂದೇ ಟವೆಲು. ಬಚ್ಚಲ ಬಾಗಿಲಿನ ಮೊಳೆಗೆ ನೇತುಹಾಕಿದ್ದ ಅದು ಯಾವತ್ತೂ ಒಣಗಿದ್ದನ್ನು ನಾನು ಕಂಡಿಲ್ಲ. ಮೊದಲು ಅಪ್ಪ, ಆಮೇಲೆ ನಾನು, ಆಮೇಲೆ ಆಯಿ, ಅಂದರೆ ನನ್ನ ಅಮ್ಮ, ಕೊನೆಗೆ ಅತ್ತೆ. ಅತ್ತೆಯ ಪಾಲಿಗೆ ಬರುವ ಹೊತ್ತಿಗೆ ಅದರಲ್ಲಿ ಮೂರು ಜನರ ಬೆವರು, ಕೂದಲು, ಅಪ್ಪ ಮೂಗು ಒರೆಸಿಕೊಂಡದ್ದು ಎಲ್ಲ ಇರುತ್ತಿತ್ತು. ಅಜ್ಜಿಗೆ ಬೇರೆ ಚಿಂದಿ ಬಟ್ಟೆ ಇತ್ತು. ಅಜ್ಜಿ ಎಂದರೆ ಅಪ್ಪನ ಮತ್ತು ಅತ್ತೆಯ ತಾಯಿ. ಜಾರಿ ಬಿದ್ದು ಸೊಂಟ ಮುರಿದುಕೊಂಡು ನಡುಕೋಣೆಯ ಮಂಚ ಹಿಡಿದಿದ್ದಳು. ಆ ಕೋಣೆ ದಾಟದೆ ಅಡುಗೆಮನೆಗೆ ಹೋಗುವ ಹಾಗಿಲ್ಲ. ಮಂಚದ ಕೆಳಗೆ ಉಚ್ಚೆಗೆ ಇಟ್ಟ ತಗಡಿನ ಡಬ್ಬ, ಮಂಚದ ಆಚೆ ಊಟದ ಮಣೆ. ಒಲೆಯ ಮೇಲೆ ಸುಡುವ ಒಣ ಮೀನಿನ ವಾಸನೆ, ಈಚೆಯಿಂದ ಬರುವ ತಗಡಿನ ವಾಸನೆ, ಎರಡೂ ಸೇರಿದ ಗಾಳಿಯಲ್ಲಿ ಅಪ್ಪ ಗಂಜಿ ಸೊರಸೊರ ಹೀರಿ, ಬೆರಳು ನೆಕ್ಕಿ, ದೊಡ್ಡದಾಗಿ ತೇಗುತ್ತಿದ್ದ. ತೇಗಿದ ಮೇಲೆ ತೀರ್ಪು. ನಮ್ಮ ಮನೆಯಲ್ಲಿ ಆದ ಎಲ್ಲ ದೊಡ್ಡ ತೀರ್ಮಾನಗಳೂ ಅಪ್ಪನ ತೇಗಿನ ಹಿಂದಿನಿಂದಲೇ ಬಂದವು. ಅದೇ ವರ್ಷ ಬಣ್ಣದ ಟಿವಿ ತರುವುದೆಂದೂ ಹಾಗೆಯೇ ತೀರ್ಮಾನವಾಯಿತು. ಎರಡನೇ ಟವೆಲಿನ ಬಗ್ಗೆ ಮಾತ್ರ ಯಾರಿಗೂ ತೇಗು ಬರಲಿಲ್ಲ.

ನನಗೆ ಆಗ ಹದಿಮೂರು. ಹೊನ್ನಾವರದ ಹೈಸ್ಕೂಲಿಗೆ ಸೇರಿದ್ದೆ. ಕುಮಟಾದಿಂದ ಬರುವ ಬಸ್ಸು ನಮ್ಮೂರಿಗೆ ಮುಟ್ಟುವಾಗಲೇ ಉಸಿರಾಡಲು ಜಾಗವಿಲ್ಲದಷ್ಟು ತುಂಬಿರುತ್ತಿತ್ತು. ಮೀನಿನ ಬುಟ್ಟಿಯ ನೀರು ಕಾಲಿಗೆ ಹರಿದರೆ ತೊಳೆದುಕೊಳ್ಳಬಹುದು. ಬೇಕೆಂದೇ ಒತ್ತಿ ನಿಲ್ಲುವ ಗಂಡಸರನ್ನು ಎಲ್ಲಿ ತೊಳೆದುಕೊಳ್ಳುವುದು? ಕೆಲಸಕ್ಕೆ ಹೋಗುವ, ಇಸ್ತ್ರಿ ಅಂಗಿಯ, ಹಣೆಗೆ ಕುಂಕುಮ ಇಟ್ಟ ಗಂಡಸರು. ನಾನು ಬ್ಯಾಗನ್ನು ಬೆನ್ನಿನಿಂದ ಇಳಿಸಿ ಎದೆಗೆ ಹಿಡಿಯುತ್ತಿದ್ದೆ, ಆಗ ಹಿಂದಿನಿಂದ ಕೈ ಬರುತ್ತಿತ್ತು. ಮನೆಗೆ ಬಂದು ಆಯಿಗೆ ಹೇಳಿದರೆ ಅವಳು ಸುತ್ತ ನೋಡಿ ದನಿ ತಗ್ಗಿಸಿದಳು.

"ಸುಮ್ಮಗಿರು ಶೋಭಿ. ಎಲ್ಲರಿಗೂ ಆಗೂದೇ ಅದು. ಹೆಂಗಸರ ಹತ್ರ ನಿಂತ್ಕ."

ಥೂ! ಹೆಂಗಸರ ಹತ್ತಿರ ನಿಲ್ಲಬೇಕಂತೆ. ಅಲ್ಲಿ ಜಾಗವಿದ್ದರಲ್ಲವೇ? ನನಗೆ ಆಗ ತಲೆಯಲ್ಲಿ ಉಳಿದದ್ದು ಒಂದೇ, ಅತ್ತೆಯ ಸೈಕಲ್. ಬೆಳಿಗ್ಗೆ ಎಂಟೂವರೆಗೆ ಅವಳು ಹಿಂದೆ ಬರುತ್ತಾಳೆ, ಆಮೇಲೆ ನಾನು ತೆಗೆದುಕೊಂಡು ಹೋಗಬಹುದು, ಆದರೆ ಸಂಜೆ ನಾನು ಶಾಲೆಯಿಂದ ಹೊರಡುವ ಮುಂಚೆಯೇ ಅವಳಿಗೆ ಮತ್ತೆ ಬೇಕು. ಅತ್ತೆಯನ್ನು ಕೇಳಿದಾಗ ಅವಳು ನನ್ನ ತಲೆಯ ಮೇಲೆ ಕೈ ಇಟ್ಟು, ನೀನು ಕಾಲೇಜಿಗೆ ಹೋಗುವಾಗ ಕೊಡುತ್ತೇನೆ ಅಂದಳು. ಕಾಲೇಜಿಗೆ ಇನ್ನೂ ಮೂರು ವರ್ಷ. ಬಸ್ಸಿನಲ್ಲಿ ಏನಾಗುತ್ತದೆಂದು ಅವಳಿಗೆ ನಾನು ಹೇಳಿರಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತೋ, ಈಗ ಅದನ್ನು ಯೋಚಿಸಿ ಉಪಯೋಗವಿಲ್ಲ.

ಆ ಸೈಕಲ್ಲಿನ ಹ್ಯಾಂಡಲ್ಲು ಅತ್ತೆಗೆ ಯಾವಾಗಲೂ ತಗ್ಗು. ಬಗ್ಗಿ ಬಗ್ಗಿ ಬೆನ್ನು ನೋವು. ಹ್ಯಾಂಡಲ್ಲು ಕೂತಿರುವ ಕುತ್ತಿಗೆಯ ಬೋಲ್ಟು ಸಡಿಲಿಸಿ ಅವಳು ಅದನ್ನು ಆಗಾಗ ಬೆರಳಷ್ಟು ಬೆರಳಷ್ಟು ಮೇಲೆಳೆಯುತ್ತಿದ್ದಳು. ಕುತ್ತಿಗೆಯ ಮೇಲೆ ಇಷ್ಟಕ್ಕಿಂತ ಎಳೆಯಬಾರದು ಎಂಬ ಒಂದು ಗೆರೆ ಇರುತ್ತದೆ. ಅತ್ತೆಯದು ಆ ಗೆರೆ ದಾಟಿ ಹೋಗಿತ್ತು. ಮಳೆಗಾಲ ಮುಗಿದ ಹೊಸತರಲ್ಲಿ ಒಂದು ಬೆಳಿಗ್ಗೆ ಅವಳು ಸೈಕಲ್ಲನ್ನು ನೂಕಿಕೊಂಡು ಬಂದಳು, ಮೊಣಕೈ ಕೆತ್ತಿಹೋಗಿತ್ತು. ಹ್ಯಾಂಡಲ್ಲು ಕತ್ತು ಮುರಿದ ಕೋಳಿಯ ಹಾಗೆ ಜೋತುಬಿದ್ದಿತ್ತು. ಅಜ್ಜಿ ಮಂಚದ ಮೇಲಿನಿಂದಲೇ ಅಂದಳು:

"ಅವಳ ಉದ್ದಕ್ಕೆ ಸೈಕಲ್ಲೂ ತಡ್ಕಣೂದಿಲ್ಲ."

ಆಯಿ ನಕ್ಕಳು. ಅಪ್ಪ ನಕ್ಕ. ನಾನೂ ನಕ್ಕೆ.

ಹೊನ್ನಾವರದ ಪೇಟೆಯಲ್ಲಿ ಗಣಪಣ್ಣನ ಸೈಕಲ್ ಅಂಗಡಿ. ಕೈಯೆಲ್ಲ ಗ್ರೀಸು, ಉಗುರಿನ ಸಂದಿಯಲ್ಲಿ ಗ್ರೀಸು, ಆ ಕೈಯಲ್ಲೇ ಎಲೆ-ಅಡಿಕೆಯ ಕವಳ ಹಾಕಿ, ಅಂಗಡಿಯ ಮೂಲೆಗೆ ಪಿಚಕ್ಕೆಂದು ಉಗಿಯುತ್ತಿದ್ದ. ಮೂಲೆ ಕೆಂಪಾಗಿ ದಪ್ಪ ಕಟ್ಟಿತ್ತು. ಅತ್ತೆಯ ಜೊತೆ ಹೋದ ನಾನು ಆ ಮೂಲೆಯಿಂದ ದೂರವೇ ನಿಂತೆ. ಆದರೆ ಕೆಲಸದಲ್ಲಿ ಅವನಷ್ಟು ಚೊಕ್ಕ ಮನುಷ್ಯ ಇಡೀ ತಾಲೂಕಿನಲ್ಲಿ ಇರಲಿಲ್ಲ. ಮುಂದಿನ ಗಾಲಿಯನ್ನು ಎರಡೂ ಕಡೆಯಿಂದ ಹಿಡಿದ ಕವಲನ್ನು, ಅಂದರೆ ಫೋರ್ಕನ್ನು ಬಿಚ್ಚಿ ತೆಗೆದು, ಅದರ ಮೇಲಿನ ಕೊಳವೆಯ ತುದಿಯನ್ನು ಅತ್ತೆಗೆ ತೋರಿಸಿದ. ತಿರುಪಿನ ಗೆರೆಗಳಿದ್ದ ಜಾಗದಲ್ಲೇ ಕೊಳವೆ ಸೀಳಿತ್ತು.

"ನೋಡಿ ಅಕ್ಕ, ಥ್ರೆಡ್ ಕೊರೆದಲ್ಲಿ ಪೈಪು ತೆಳು. ನೀವು ಕುತ್ತಿಗೆ ಮೇಲೆಳೆದು ಎಳೆದು, ಅದ್ರ ಬುಡ ಬಂದು ತೆಳು ಇದ್ದಲ್ಲೇ ಬಿಗಿದದೆ. ಉಪ್ಪುಗಾಳಿ ಬೇರೆ. ಸೀಳ್ದೆ ಎಂತ ಮಾಡ್ತದೆ?"

"ಈಗೆಂತ ಮಾಡೂದು?"

"ಎರಡು ದಾರಿ ಅದೆ. ಇದೇ ನಮೂನೆ ಥ್ರೆಡ್ ಇದ್ದ ಫೋರ್ಕು ಹಾಕೂದು, ಉದ್ದ ಕುತ್ತಿಗೆ ತರ್ಸೂದು. ನಿಮ್ಗೆ ಬೇಕಾದಾಗ ಏರ್ಸಿ, ಈ ತಂಗಿಗೆ ಬೇಕಾದಾಗ ಇಳ್ಸಿ. ಬೋಲ್ಟು ತಿರುಗ್ಸೂ ಒಂದು ಪಾನಾ ಇದ್ರೆ ಆತು. ಅಲ್ದಿದ್ರೆ ಥ್ರೆಡ್ ಇಲ್ಲದ್ದು. ಭಟ್ಕಳದಲ್ಲಿ ಸಿಕ್ತದೆ, ದುಬೈಯಿಂದ ಬಂದ ಸೈಕಲ್ಲಿಂದು. ಅದ್ರ ಪೈಪು ಮೇಲಿನವರೆಗೂ ದಪ್ಪ, ಗೆರೆ ಇಲ್ಲ, ಸೀಳೂದಿಲ್ಲ. ಕುತ್ತಿಗೆ ಪೈಪಿನ ಒಳಗೆ ಇಳಿಯೂದಿಲ್ಲ, ಹೊರಗಿಂದ ಅಪ್ಪಿ ಹಿಡೀತದೆ. ಕೆಳಗೆ ಕಬ್ಬಿಣದ ಬಳೆ ಬಳೆ ಹಾಕಿ ಎತ್ರ ಮಾಡೂದು. ಗಟ್ಟಿ ಅಂದ್ರೆ ಗಟ್ಟಿ."

"ಮತ್ತೆ ತಕರಾರು ಎಂತದು?"

ಹಾಲು ಮೂಸುವ ಹಾಗೆಯೇ ಕೇಳಿದಳು ಅತ್ತೆ. ಗಣಪಣ್ಣ ನಕ್ಕ.

"ಅಳತೆಗೆ ಕೊಯ್ಬೇಕು ಅಕ್ಕ. ಒಬ್ರ ಅಳತೆಗೆ. ಕೊಯ್ದದ್ದು ಮತ್ತೆ ಉದ್ದ ಆಗೂದಿಲ್ಲ."

ಆ ದಿನ ಊಟದ ಹೊತ್ತಿಗೆ ಮನೆಯಲ್ಲಿ ರಾದ್ಧಾಂತ. ಅಪ್ಪನಿಗೆ ಪೇಟೆಯ ಫೋರ್ಕು ಸಾಕು, ಭಟ್ಕಳದವರೆಗೆ ಹೋಗುವ ಸೊಕ್ಕು ಯಾಕೆ. ಆಯಿಗೆ ಫೋರ್ಕೇ ಬೇಡ, ಇನ್ನು ಅತ್ತೆ ಮನೆಯಲ್ಲಿ ಇದ್ದು ಅಜ್ಜಿಯನ್ನು ನೋಡಿಕೊಂಡರೆ ಸಾಕು. ಮಂಚದ ಕೆಳಗಿನ ತಗಡು ಎತ್ತುವುದು ಆಯಿಯ ಪಾಲಿಗೆ ಬಂದಿತ್ತು. ಸೊಸೆಯಾದ ತಾನು ಎತ್ತಬೇಕು, ಹೊಟ್ಟೆಯ ಮಗಳು ಸೈಕಲ್ ಹತ್ತಿ ಊರು ಸುತ್ತಬೇಕು ಎಂದು ಅವಳ ಮೈಯೆಲ್ಲ ಉರಿ. ಆ ಉರಿಯಲ್ಲಿ ನ್ಯಾಯವೂ ಇತ್ತು, ಇಲ್ಲವೆನ್ನಲಾರೆ. ಅಪ್ಪ ಮಾತ್ರ ತನ್ನ ತಾಯಿಯ ತಗಡನ್ನು ಒಂದು ದಿನವೂ ಮುಟ್ಟಿದವನಲ್ಲ. ಅವನು ತೇಗಿ ಹೇಳಿದ:

"ಮನೆ ಸೈಕಲ್ಲು ಅಂದ್ಮೇಲೆ ಎಲ್ಲರಿಗೂ ಆಗ್ಬೇಕು ಸುಮಿತ್ರಾ. ನೀ ಒಬ್ಳೇ ಅಲ್ಲ ಈ ಮನೆಲಿ."

"ಸೈಕಲ್ಲು ನಂದು ಅಣ್ಣ," ಅಂದಳು ಅತ್ತೆ. "ಭಟ್ಕಳದ್ದೇ ಹಾಕ್ಸೂದು ನಾನು."

ಅವಳು ಆ ಮನೆಯಲ್ಲಿ ಅಣ್ಣನಿಗೆ ಎದುರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ ಗಂಜಿಯ ಬಟ್ಟಲನ್ನು ನೆಲದ ಮೇಲೆ ಕುಕ್ಕಿದ. ಅಜ್ಜಿ ಮಂಚದಿಂದ, ನನ್ನ ಬಟ್ಟೆ ಒದ್ದೆಯಾಗಿದೆ ಎಂದು ಕೂಗಿದಳು. ಅತ್ತೆ ಊಟ ಬಿಟ್ಟು ಎದ್ದು ಹೋದಳು.

ಮರುದಿನ ಭಾನುವಾರ ಅತ್ತೆ ಸಂಘಕ್ಕೆ ರಜೆ ಹೇಳಿ ನನ್ನನ್ನು ಕರೆದುಕೊಂಡು ಭಟ್ಕಳಕ್ಕೆ ಹೋದಳು. ಶರಾವತಿ ಸೇತುವೆ ದಾಟುವಾಗ ಕಾಸರಕೋಡಿನ ಕಡೆಯಿಂದ ಒಣಗುವ ಮೀನಿನ ಗಾಳಿ ಬಸ್ಸಿನೊಳಗೆ ನುಗ್ಗಿತು. ನಾನು ಮೂಗು ಮುಚ್ಚಿಕೊಂಡೆ. ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ ದೋಣಿ ಎಣಿಸುತ್ತಿದ್ದಳು. ಭಟ್ಕಳದ ಓಣಿಯಲ್ಲಿ ಸೆಂಟಿನ ಬಾಟಲಿ, ದುಬೈ ಕಂಬಳಿ, ಚಾಕಲೇಟಿನ ಡಬ್ಬಿಗಳ ಅಂಗಡಿಗಳ ಹಿಂದೆ ಗಣಪಣ್ಣ ಹೇಳಿದ್ದ ಹಳೇ ಸಾಮಾನಿನ ಅಂಗಡಿ. ಬಿಳಿ ಟೋಪಿಯ, ಬಿಳಿ ಗಡ್ಡದ ಹಿರಿಯ ಸಾಹೇಬರು ಒಳಗಿದ್ದವನಿಗೆ ತಮ್ಮ ನವಾಯತಿ ಭಾಷೆಯಲ್ಲಿ ಏನೋ ಹೇಳಿ, ಅತ್ತೆಗೆ ಕುರ್ಚಿ ಹಾಕಿಸಿದರು. ಅತ್ತೆ ಕೂರಲಿಲ್ಲ. ಅವರು ಕಪ್ಪು ಬಣ್ಣದ ಒಂದು ಫೋರ್ಕನ್ನು ತಂದು ಅವಳ ಪಕ್ಕಕ್ಕೆ ಹಿಡಿದರು. ಕೊಳವೆ ಉದ್ದವಾಗಿತ್ತು, ಎಲ್ಲೂ ಕೊಯ್ದಿರಲಿಲ್ಲ.

"ತಕೊಳ್ಳಿ ಬೆಹನ್. ಇದು ಕೊಯ್ಯದ ಮಾಲು. ಬಂದವರೆಲ್ಲ ಉದ್ದ ಆತು ಅಂತ ಬಿಟ್ಟು ಹೋದ್ರು. ನಿಮಗೆ ಬರಾಬರ್ ಆಗ್ತದೆ."

ಅತ್ತೆ ನಕ್ಕಳು. ಅವಳ ಎತ್ತರದ ಬಗ್ಗೆ ಒಬ್ಬರು ಮಾತಾಡಿ ಅವಳು ನಕ್ಕದ್ದು! ಹಿಂದೆ ಬರುವಾಗ ಬಸ್ಸಿನಲ್ಲಿ ಆ ಕಬ್ಬಿಣವನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದಳು, ಸೆರಗಿನಿಂದ ಒರೆಸುತ್ತಿದ್ದಳು, ಕೊಳವೆಯೊಳಗೆ ಒಂದು ಕಣ್ಣಿಟ್ಟು ನೋಡಿದಳು. ನನಗೆ ಆ ಖುಷಿಯನ್ನು ನೋಡಲಾಗಲಿಲ್ಲ. ನಲವತ್ತರ ಹೆಂಗಸು, ನಾತ ಹೊಡೆಯುವ ಸೀರೆ ಉಟ್ಟವಳು, ಒಂದು ಕಬ್ಬಿಣದ ತುಂಡಿಗಾಗಿ ಇಷ್ಟು ಹಿಗ್ಗುವುದೇ ಎಂದು ಅಸಹ್ಯವಾಯಿತು. ನಿಜ ಹೇಳಬೇಕೆಂದರೆ ಅದು ಅಸಹ್ಯ ಅಲ್ಲ, ಹೊಟ್ಟೆಕಿಚ್ಚು. ಆ ವಯಸ್ಸಿನಲ್ಲಿ ನನಗೆ ಎರಡಕ್ಕೂ ಒಂದೇ ರುಚಿ.

ಗಣಪಣ್ಣ ಸೈಕಲ್ಲಿನ ಬೇರಿಂಗಿನ ಬಟ್ಟಲನ್ನೂ ಬದಲಿಸಿ, ಹೊಸ ಫೋರ್ಕನ್ನು ಕೂರಿಸಿ, ಬಳೆ ಮೇಲೆ ಬಳೆ ಏರಿಸಿ, ಅತ್ತೆಯ ಅಳತೆಗೆ ಹ್ಯಾಂಡಲ್ಲು ಬಿಗಿದ. ಅದರ ಮೇಲೆ ಇನ್ನೂ ನಾಲ್ಕು ಬೆರಳು ಕೊಳವೆ ಉಳಿದಿತ್ತು. ಅದನ್ನು ಕೂಡಲೇ ಕೊಯ್ಯಲು ಅವನು ಒಪ್ಪಲಿಲ್ಲ.

"ವಾರ ಓಡ್ಸಿ ನೋಡಿ. ಬೆನ್ನಿಗೆ ಹದ ಆತೋ ಇಲ್ವೋ ತಿಳೀಲಿ. ಆದ್ರೆ ಕೊಯ್ಸದೇ ಬಿಡ್ಬೇಡಿ ಮತ್ತೆ, ಬಿದ್ರೆ ಈ ಪೈಪು ಎದೆಗೆ ಚುಚ್ತದೆ."

ಆ ವಾರ ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತು ಸೈಕಲ್ ಹೊಡೆದಳು. ಗದ್ದೆಯಲ್ಲಿ ಕೆಲಸ ಮಾಡುವವರು ನಿಂತು ನೋಡುತ್ತಿದ್ದರಂತೆ. ರಾತ್ರಿಯ ಊಟಕ್ಕೆ ಕೂರುವಾಗ ಸೊಂಟ ಹಿಡಿದು ನರಳುವುದು ನಿಂತಿತು. ಒಂದು ದಿನ ಬೆಳಿಗ್ಗೆ ಬಂದವಳು ಚಹಾ ಕುಡಿಯುತ್ತ ಹಾಡನ್ನೂ ಗುನುಗಿದಳು. ಆಯಿ ಪಾತ್ರೆ ಎತ್ತಿ ಕುಕ್ಕಿದಳು. ನಾನು ಹಿತ್ತಿಲಲ್ಲಿ ಒಮ್ಮೆ ಸೈಕಲ್ ಹತ್ತಿ ನೋಡಿದೆ. ಹ್ಯಾಂಡಲ್ಲು ನನ್ನ ಗದ್ದದ ಹತ್ತಿರ ಬರುತ್ತಿತ್ತು, ಹಗ್ಗಕ್ಕೆ ಹಾಕಿದ ಬಟ್ಟೆಯ ಹಾಗೆ ಜೋತಾಡಿದೆ.

ಶನಿವಾರ ನನಗೆ ಅರ್ಧ ದಿನ ಶಾಲೆ. ಅವತ್ತು ಕೊಳವೆ ಕೊಯ್ಸಲು ಅತ್ತೆಯೇ ಹೋಗುವವಳಿದ್ದಳು. ಆದರೆ ಮಧ್ಯಾಹ್ನ ಅಜ್ಜಿಗೆ ಹೊಟ್ಟೆ ಕೆಟ್ಟಿತು. ಮಂಚ, ಹಾಸಿಗೆ, ಗೋಡೆ ಎಲ್ಲ. ಅದರ ವಾಸನೆ ಅಡುಗೆಮನೆ ದಾಟಿ ಜಗಲಿಗೆ ಬಂತು. ಆಯಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿತ್ತಿಲಿಗೆ ನಡೆದಳು. ಮಗಳಿದ್ದಾಳಲ್ಲ, ಮಗಳೇ ಮಾಡಲಿ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಅತ್ತೆ ಸೀರೆ ಎತ್ತಿ ಕಟ್ಟಿ, ಕೊಡದಲ್ಲಿ ಬಿಸಿನೀರು ತೆಗೆದುಕೊಂಡು ಒಳಗೆ ಹೋದಳು. ಬಾಗಿಲಿನಿಂದ ತಿರುಗಿ ನನಗೆ ಹೇಳಿದಳು:

"ಶೋಭಿ, ನೀನೇ ಸೈಕಲ್ಲು ನೂಕಿಕೊಂಡು ಹೋಗು. ಹ್ಯಾಂಡ್ಲು ಈಗ ಇದ್ದಲ್ಲೇ ಇರ್ಲಿ, ಮೇಲೆ ಹೆಚ್ಚಿದ್ದು ಮಾತ್ರ ಕೊಯ್ಲಿ ಅಂತ ಹೇಳು. ಅವ ನಿನ್ನ ಹತ್ರ ಎರಡೆರಡು ಸಲ ಕೇಳ್ತ, ಬೇಜಾರು ಮಾಡ್ಕಬೇಡ."

ಜಗಲಿಯಲ್ಲಿ ಅಪ್ಪ ಪೇಪರು ಓದುತ್ತಿದ್ದ. ನಾನು ಸೈಕಲ್ಲಿನ ಸ್ಟ್ಯಾಂಡು ತೆಗೆಯುವಾಗ ಪೇಪರಿನ ಹಿಂದಿನಿಂದಲೇ ಅಂದ:

"ಎಲ್ಲರಿಗೂ ಆಗೂ ಹಾಂಗೆ ಕೊಯ್ಸಿಕೊಂಡು ಬಾ."

ಅಪ್ಪ ಮುಖ ತೋರಿಸಲಿಲ್ಲ. ಎಲ್ಲರಿಗೂ ಎಂದರೆ ಯಾರಿಗೆ ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಎಂದರೆ ಅತ್ತೆಯನ್ನು ಬಿಟ್ಟು ಉಳಿದವರು, ಅದು ನನಗೆ ಅಕ್ಷರ ಕಲಿಯುವ ಮುಂಚಿನಿಂದ ಗೊತ್ತಿತ್ತು. ಹೆದ್ದಾರಿಯ ಬದಿಯಲ್ಲಿ ನೂಕುತ್ತ ಹೋದೆ. ಬಸ್ಸುಗಳು ಧೂಳು ಎಬ್ಬಿಸಿ ಹಾದುಹೋದವು, ಬಾಗಿಲಲ್ಲಿ ಜೋತುಬಿದ್ದ ಗಂಡಸರು ಸಿಳ್ಳೆ ಹಾಕಿದರು. ಹೊನ್ನಾವರ ಮುಟ್ಟುವಷ್ಟರಲ್ಲಿ ನಾನು ಏನು ಹೇಳುವುದೆಂದು ತೀರ್ಮಾನಿಸಿಯಾಗಿತ್ತು. ಅಪ್ಪ ಹೇಳಿಸಿದ ಎಂದು ಬರೆದರೆ ಸುಲಭ. ಆದರೆ ಅಪ್ಪ ಹೇಳಿದ್ದು ಅಷ್ಟೇ, ಉಳಿದದ್ದು ನನ್ನದು.

"ಅತ್ತೆಗೆ ಎತ್ರ ಹೆಚ್ಚಾತಂತೆ," ಅಂದೆ. "ಬಳೆ ಎಲ್ಲ ತೆಗೆದು ತೀರಾ ಕೆಳಗೆ ಕೂರ್ಸಿ ಕೊಯ್ಯೂಕೆ ಹೇಳಿದಾರೆ."

ಗಣಪಣ್ಣ ಬಾಯಲ್ಲಿದ್ದ ಕವಳವನ್ನು ಉಗಿದು ಬಂದ.

"ಎಲ್ಲ ಬಳೆ? ಅಕ್ಕನಿಗೆ ಮೊಣಕಾಲು ತಾಗ್ತದಲೆ."

"ಅತ್ತೆನೇ ಹೇಳಿದ್ದು."

"ಹೌದನೆ ತಂಗಿ? ಕೊಯ್ದ್ರೆ ಮುಗೀತು ನೋಡು."

"ಹೌದು."

ಅವನು ಕೊಳವೆಗೆ ಸೀಮೆಸುಣ್ಣದ ಗೆರೆ ಹಾಕಿದ. ಗೆರೆಯನ್ನು ನನಗೆ ತೋರಿಸಿದ. ನಾನು ತಲೆಯಾಡಿಸಿದೆ. ಫೋರ್ಕನ್ನು ಬೆಂಚಿನ ಇಕ್ಕಳದಲ್ಲಿ ಸಿಕ್ಕಿಸಿ, ಗರಗಸದ ಬ್ಲೇಡಿಗೆ ಎಣ್ಣೆ ಹನಿಸಿ ಕೊಯ್ಯತೊಡಗಿದ. ಸಾವಕಾಶವಾಗಿ ಕೊಯ್ದ, ನಡುವೆ ಒಮ್ಮೆ ನಿಲ್ಲಿಸಿ ನನ್ನ ಮುಖ ನೋಡಿದ. ಆಗ ಹೇಳಿದ್ದರೂ ಇನ್ನೂ ಉಳಿಯುತ್ತಿತ್ತೋ ಏನೋ. ನಾನು ಮೂಲೆಯ ಕೆಂಪು ಉಗುಳನ್ನು ನೋಡುತ್ತ ನಿಂತೆ. ಒಂದು ಗೇಣು ಉದ್ದದ ತುಂಡು ನೆಲಕ್ಕೆ ಬಿತ್ತು. ಎಲ್ಲ ಕೂಡಿಸಿ ಬಿಗಿದ ಮೇಲೆ ಅವನು ನನಗೆ ಹತ್ತಿ ನೋಡಲು ಹೇಳಲಿಲ್ಲ, ನಾನೇ ಹತ್ತಿದೆ. ಮನೆಯವರೆಗೂ ಹೊಡೆದುಕೊಂಡು ಬಂದೆ.

ಅತ್ತೆ ಬಾವಿಕಟ್ಟೆಯಲ್ಲಿ ಅಜ್ಜಿಯ ಹಾಸಿಗೆಯ ಬಟ್ಟೆ ಒಗೆಯುತ್ತಿದ್ದಳು. ಸೈಕಲ್ಲನ್ನು ನೋಡಿ ಕೈ ಝಾಡಿಸಿ ಎದ್ದು ಬಂದಳು. ಹ್ಯಾಂಡಲಿನ ಮೇಲೆ ಒದ್ದೆ ಕೈಯಿಟ್ಟಳು. ಅದು ಅವಳ ಸೊಂಟಕ್ಕಿಂತ ಕೆಳಗಿತ್ತು. ಬಗ್ಗಿದಳು, ಎದ್ದಳು, ಮತ್ತೆ ಬಗ್ಗಿದಳು. ಆಮೇಲೆ ನನ್ನನ್ನು ಕೇಳಿದಳು.

"ಎಂತ ಹೇಳಿದ್ದೆ ಅವನ ಹತ್ರ?"

"ನೀ ಹೇಳಿದ್ದೇ ಹೇಳಿದ್ದೆ."

ಒದ್ದೆ ಸೀರೆಯಲ್ಲೇ ಅವಳು ಹೆದ್ದಾರಿಗೆ ಓಡಿದಳು, ನನ್ನ ಕೈ ಹಿಡಿದು ಎಳೆದುಕೊಂಡೇ ಬಸ್ಸು ಹತ್ತಿದಳು. ಅವಳ ಮೈಯಿಂದ ಅಜ್ಜಿಯ ಹೇಲಿನ ವಾಸನೆ ಬರುತ್ತಿತ್ತು, ಬಸ್ಸಿನಲ್ಲಿ ಜನ ಸರಿದು ಜಾಗ ಬಿಟ್ಟರು. ಅವತ್ತು ನನ್ನನ್ನು ಯಾರೂ ಒತ್ತಲಿಲ್ಲ. ಗಣಪಣ್ಣನ ಅಂಗಡಿಯೆದುರು ಹತ್ತು ಜನ ನಿಂತು ನೋಡುವಾಗ ಅವಳು ಅವನನ್ನು ಬಾಯಿಗೆ ಬಂದ ಹಾಗೆ ಬೈದಳು. ಯಾರಿಗೂ ಜೋರು ಮಾತಾಡದವಳು.

"ಕಣ್ಣು ಕಾಣೂದಿಲ್ವನಾ ನಿಂಗೆ? ವಾರದ ಹಿಂದೆ ನಿಂದೇ ಕೈಲಿ ಅಳತೆ ತಕೊಂಡವ ನೀನು! ಕವಳ ತಿಂದು ತಿಂದು ತಲೆಗೂ ಸುಣ್ಣ ಹತ್ತಿದೆ ನಿಂಗೆ!"

ಗಣಪಣ್ಣ ಅವಳನ್ನು ನೋಡಿದ. ಆಮೇಲೆ ಅವಳ ಹಿಂದೆ ನಿಂತ ನನ್ನನ್ನು ನೋಡಿದ. ನಾನು ಅವನ ಕಣ್ಣು ತಪ್ಪಿಸಲಿಲ್ಲ. ತಪ್ಪಿಸಲೂ ಧೈರ್ಯ ಬೇಕಲ್ಲ? ಇವನು ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾಯುತ್ತಿದ್ದೆ. ಅವನು ಗ್ರೀಸಿನ ಕೈಯನ್ನು ಚಿಂದಿಗೆ ಒರೆಸಿಕೊಂಡ.

"ನಂದೇ ತಪ್ಪಾತು ಅಕ್ಕ. ಹುಡುಗಿ ಸರೀ ಹೇಳಿತ್ತು. ನಾನೇ ಕೆಲ್ಸದ ಗಡಿಬಿಡೀಲಿ ಹಾಂಗೆ ಕೊಯ್ದು ಬಿಟ್ಟೆ. ಈಗ್ಲೇ ಥ್ರೆಡ್ ಇದ್ದ ಫೋರ್ಕು ಹಾಕಿ ಕೊಡ್ತೆ. ಉದ್ದ ಕುತ್ತಿಗೆ ಕುಮಟಾದಿಂದ ತರ್ಸಿ ಕೊಡ್ತೆ. ಎಂತದೂ ಕೊಡೂದು ಬೇಡ ನೀವು."

ಅತ್ತೆಯ ಕೆಲಸ ಆ ಒಂದು ಗಳಿಗೆಯಲ್ಲಿ ಉಳಿಯಬಹುದಿತ್ತು. ಅವಳು ಹೂಂ ಅಂದರೆ ಸಾಕಿತ್ತು. ಅಥವಾ ನಾನು ಬಾಯಿ ಬಿಟ್ಟರೆ ಸಾಕಿತ್ತು. ಅವಳು ನನಗೆ ಎರಡು ಬಿಗಿದು, ಅವನಲ್ಲಿ ಕ್ಷಮೆ ಕೇಳಿ, ಫೋರ್ಕು ಹಾಕಿಸಿಕೊಳ್ಳುತ್ತಿದ್ದಳು. ಆದರೆ ನೀರು ಬೆರೆಸಿದವರ ಕ್ಯಾನನ್ನು ಹಿಂದೆ ನೂಕುವ ಹೆಂಗಸು ಅವಳು.

"ನಿನ್ನ ಕೈ ಮುಟ್ಟಿದ ಸಾಮಾನು ಇನ್ನು ನಂಗೆ ಬೇಡ," ಅಂದಳು.

ಗಣಪಣ್ಣ ತಲೆತಗ್ಗಿಸಿದ. ಊರಿನಲ್ಲಿ ಅವನ ಕೈಕೆಲಸದ ಹೆಸರು ಆ ದಿನದಿಂದ ಕೆಟ್ಟಿತು. ಅತ್ತೆಗೆ ನನ್ನ ಹೆಸರು ಹೇಳದಿರುವುದರಿಂದ ಅವನಿಗೇನು ಸಿಕ್ಕಿತು? ಮಗುವನ್ನು ಉಳಿಸುತ್ತಿದ್ದೇನೆಂದು ಅಂದುಕೊಂಡನೋ ಏನೋ. ಮುಂದೆ ಎಷ್ಟೋ ಸಲ ಆ ಅಂಗಡಿಯೆದುರು ಹಾದಿದ್ದೇನೆ. ಒಮ್ಮೆಯೂ ಅವನು ನನ್ನನ್ನು ಕರೆದು ಕೇಳಲಿಲ್ಲ, ಮುಖ ತಿರುಗಿಸಲೂ ಇಲ್ಲ. ಎಲ್ಲ ಹುಡುಗಿಯರನ್ನು ನೋಡುವ ಹಾಗೆ ನೋಡಿದ. ಬೈದಿದ್ದರೆ ನನ್ನ ಹೊಟ್ಟೆಯೊಳಗಿನ ಹೇಸಿಗೆ ಸ್ವಲ್ಪವಾದರೂ ಕಕ್ಕಿ ಹೋಗುತ್ತಿತ್ತು.

ಇನ್ನೊಂದು ಫೋರ್ಕು ಕೊಳ್ಳಲು ಮುಂದಿನ ಸಂಬಳ ಬರಬೇಕಿತ್ತು, ಅತ್ತೆ ಆ ಸೈಕಲ್ಲಿನಲ್ಲೇ ಒಂಬತ್ತು ದಿನ ಹೋದಳು. ಮೊಣಕಾಲು ಹ್ಯಾಂಡಲಿಗೆ ತಾಗದ ಹಾಗೆ ಹೊರಗೆ ಚಾಚಿಕೊಂಡು, ಬೆನ್ನನ್ನು ಮುದುಡಿಕೊಂಡು. ಹತ್ತನೇ ದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಆಯಿ ಬಿಸಿ ಉಪ್ಪಿನ ಗಂಟು ಕಟ್ಟಿ ಶಾಖ ಕೊಟ್ಟಳು, ಎಷ್ಟು ಪ್ರೀತಿಯಿಂದ ಎಂದರೆ ನೋಡಲು ವಾಕರಿಕೆ ಬರುತ್ತಿತ್ತು. ಸಂಘದವರು ನಾಲ್ಕು ದಿನ ಕಾದರು, ಆಮೇಲೆ ಅದೇ ಹಳ್ಳಿಯ ಇನ್ನೊಬ್ಬಳನ್ನು ಕೂರಿಸಿದರು. ಅಪ್ಪ ಊಟ ಮುಗಿಸಿ ತೇಗಿದ.

"ಹೋಗ್ಲಿ ಬಿಡು ಸುಮಿತ್ರಾ. ಅಬ್ಬೆಗೂ ನೋಡ್ಕಣೂಕೆ ಒಬ್ರು ಬೇಕಿತ್ತು."

ಬೆನ್ನು ಸ್ವಲ್ಪ ಸುಧಾರಿಸಿದ ಮೇಲೆ ಅತ್ತೆ ಎದ್ದು, ಮಂಚದ ಕೆಳಗಿನ ತಗಡನ್ನು ಹೊರಗೆ ಒಯ್ದು ಚೆಲ್ಲಿ, ತಿಕ್ಕಿ ತೊಳೆದು ತಂದಿಟ್ಟಳು. ಅಜ್ಜಿ ಮುಂದೆ ಏಳು ವರ್ಷ ಬದುಕಿದಳು.

ಅತ್ತೆ ತಗಡು ತೊಳೆದಿಟ್ಟ ಮರುದಿನ ಸೋಮವಾರ. ನಾನು ಬಸ್ಸಿಗೆಂದು ಬ್ಯಾಗು ಎದೆಗೆ ಅವಚಿಕೊಂಡು ಜಗಲಿಗೆ ಬಂದರೆ, ಅತ್ತೆ ಸೈಕಲ್ಲನ್ನು ಮೆಟ್ಟಿಲ ಬುಡಕ್ಕೆ ತಂದು ನಿಲ್ಲಿಸಿದ್ದಳು. ಸರಪಳಿಗೆ ಎಣ್ಣೆ ಹಾಕಿದ್ದಳು. ಸೀಟನ್ನು ತಗ್ಗಿಸಿದ್ದಳು. ಬುತ್ತಿಯ ಡಬ್ಬಿಯನ್ನು ಹಿಂದಿನ ಕ್ಯಾರಿಯರಿಗೆ ಕಟ್ಟುತ್ತಿದ್ದಳು.

"ಹತ್ತು," ಅಂದಳು. "ಹೊತ್ತಾತು. ನಿಂಗಾದ್ರೂ ಸಮ ಬತ್ತದಲ."

ಅವಳಿಗೆ ಗೊತ್ತಿತ್ತೋ, ಗೊತ್ತಿರಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮುಖ ನೋಡಲು ನಾನು ಕತ್ತೆತ್ತಬೇಕಿತ್ತು, ಎತ್ತಲಿಲ್ಲ. ಸೈಕಲ್ ಹತ್ತಿ ಹೆದ್ದಾರಿಗೆ ಇಳಿದೆ. ಬೆನ್ನು ಎಷ್ಟು ಬಾಗಬೇಕೋ ಅಷ್ಟೇ ಬಾಗಿತ್ತು, ಕೈ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗಿತ್ತು. ಅಷ್ಟು ಆರಾಮದ ಸೈಕಲ್ಲನ್ನು ನಾನು ಮತ್ತೆ ಯಾವತ್ತೂ ತುಳಿದಿಲ್ಲ.